ಲ್ಯಾಬ್ ರೆಕಾರ್ಡಿನ ಆನೆ, ಲಗ್ನಪತ್ರಿಕೆಯ ಹುಲಿ

ಸೆಮಿಸ್ಟರ್ ಮುಗಿಯಿತು ಅಂದರೆ ಎಂಜಿನಿಯರಿಂಗ್ ಓದುವವರ ಮನೆಯಲ್ಲಿ ಎರಡು ಸಂಗತಿ ಉಳಿಯುತ್ತವೆ. ಒಂದು, ರಿಸಲ್ಟ್ ಬರುವವರೆಗಿನ ಎದೆಬಡಿತ. ಇನ್ನೊಂದು, ಕಟ್ಟುಗಟ್ಟಲೆ ಕಾಗದ. ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು, ಮಿನಿ ಪ್ರಾಜೆಕ್ಟ್ ರಿಪೋರ್ಟಿನ ಹೆಚ್ಚುವರಿ ಪ್ರತಿ, ಗೆಳತಿಯಿಂದ ಜೆರಾಕ್ಸ್ ಮಾಡಿಸಿಕೊಂಡು ಓದದೇ ಉಳಿದ ನೋಟ್ಸು. ಎದೆಬಡಿತಕ್ಕೆ ಮದ್ದಿಲ್ಲ. ಕಾಗದಕ್ಕೆ ಮಾತ್ರ ಒಂದು ದಾರಿ ಇದೆ. ಹಳೇ ಪೇಪರಿನವನಿಗೆ ಕೆ.ಜಿ. ಲೆಕ್ಕದಲ್ಲಿ ಹಾಕುವ ಮೊದಲು ಹತ್ತು ಹಾಳೆ ಪಕ್ಕಕ್ಕೆ ತೆಗೆದಿಡಿ. ಅದರಲ್ಲಿ ಒಂದು ಆನೆ ಹಿಂಡೇ ಇದೆ.

ತಮಾಷೆಯಲ್ಲ ಗೆಳೆಯರೇ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ನಾವು ಪ್ರಿಂಟ್ ತೆಗೆಸುವ 80 ಜಿಎಸ್‌ಎಂನ ಎ4 ಹಾಳೆ 297 ಮಿ.ಮೀ. ಉದ್ದ, 210 ಮಿ.ಮೀ. ಅಗಲ, ತೂಕ ಹೆಚ್ಚುಕಡಿಮೆ 5 ಗ್ರಾಂ. ಅದನ್ನು ಉದ್ದುದ್ದಕ್ಕೆ 3 ಮಿ.ಮೀ. ಅಗಲದ ಪಟ್ಟಿಗಳಾಗಿ ಕತ್ತರಿಸಿದರೆ 70 ಪಟ್ಟಿ ಸಿಗುತ್ತವೆ. ಅಂಗೈಯಲ್ಲಿ ಕೂರುವ ಒಂದು ಆನೆಗೆ ನಾನು ಬಳಸುವುದು 22 ಪಟ್ಟಿ. ಅಂದರೆ ಒಂದೇ ಹಾಳೆಯಲ್ಲಿ ಮೂರು ಆನೆ! ಒಂದೊಂದರ ತೂಕ ಎರಡು ಗ್ರಾಂ ಕೂಡ ಇಲ್ಲ. ಕಾಗದದ ಪಟ್ಟಿಯನ್ನು ಸುರುಳಿ ಸುತ್ತಿ, ಒತ್ತಿ, ಆಕಾರ ಕೊಟ್ಟು, ಅಂಚಿನ ಮೇಲೆ ನಿಲ್ಲಿಸಿ ಅಂಟಿಸುವ ಈ ಕಲೆಗೆ ಕ್ವಿಲಿಂಗ್ ಎಂದು ಹೆಸರು.

ಐದು ರೂಪಾಯಿಯ ಕಾಡು

ನಾನು ಇದಕ್ಕೆ ಬಿದ್ದದ್ದು ತಂಗಿಯ ಸ್ಕ್ರ್ಯಾಪ್‌ಬುಕ್‌ನಿಂದ. ಅವಳಿಗೆ ಶಾಲೆಯಲ್ಲಿ ‘ನಮ್ಮ ಜಿಲ್ಲೆಯ ವನ್ಯಜೀವಿಗಳು’ ಎಂದು ಒಂದು ಪುಟ ಮಾಡಿಕೊಂಡು ಬರಲು ಹೇಳಿದ್ದರು. ಇಂಥ ಪುಟಕ್ಕೆ ಎಲ್ಲರೂ ಮಾಡುವುದೇನು? ಸ್ಟೇಷನರಿ ಅಂಗಡಿಗೆ ಹೋಗಿ ‘ವೈಲ್ಡ್ ಅನಿಮಲ್ಸ್’ ಶೀಟು ಕೊಡಿ ಅನ್ನುವುದು, ತಂದು ಕತ್ತರಿಸಿ ಅಂಟಿಸುವುದು. ಅವಳೂ ತಂದಿದ್ದಳು. ಅದರಲ್ಲಿ ಸಿಂಹ ಇತ್ತು, ಜಿರಾಫೆ ಇತ್ತು, ಜೀಬ್ರಾ ಇತ್ತು, ಮೂಲೆಯಲ್ಲಿ ಕಾಂಗರೂ ಕೂಡ ಇತ್ತು. ಸಿಂಹ ನೋಡಬೇಕಾದರೆ ಗುಜರಾತಿನ ಗಿರ್‌ಗೆ ಹೋಗಬೇಕು. ಜಿರಾಫೆ, ಜೀಬ್ರಾ ಆಫ್ರಿಕಾದವು. ಕಾಂಗರೂ ಆಸ್ಟ್ರೇಲಿಯಾದ್ದು. ಐದು ರೂಪಾಯಿಗೆ ಮೂರು ಖಂಡ!

ನಮ್ಮ ಜಿಲ್ಲೆಯದು ಮಾತ್ರ ಇರಲಿಲ್ಲ. ಚಾಮರಾಜನಗರ ಜಿಲ್ಲೆ ಎಂದರೆ ಸುಮ್ಮನೆಯೇ? ಯಳಂದೂರಿನ ನೆತ್ತಿಯ ಮೇಲೇ ಬಿಳಿಗಿರಿರಂಗನ ಬೆಟ್ಟ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಆರ್‌ಟಿ ಕಾಡು 574 ಚದರ ಕಿಲೋಮೀಟರ್‌ಗಿಂತ ಹೆಚ್ಚಿದೆ. ಹನೂರಿನ ಕಡೆಗೆ ಹೋದರೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ, 906 ಚದರ ಕಿಲೋಮೀಟರ್. ಅದರಾಚೆ ಕಾವೇರಿ ವನ್ಯಜೀವಿಧಾಮ. ಇಷ್ಟೆಲ್ಲ ಇಟ್ಟುಕೊಂಡು ನಾವು ಪುಸ್ತಕಕ್ಕೆ ಕಾಂಗರೂ ಅಂಟಿಸಬೇಕೆ? ‘ನಿನ್ನ ಪ್ರಾಣಿಗಳನ್ನು ನಾವೇ ಮಾಡೋಣ ಬಾ’ ಅಂದೆ. ಆ ಪುಟಕ್ಕೆ ಎರಡು ಭಾನುವಾರ ಹಿಡಿಯಿತು. ನಂತರ ನಾನು ನಿಲ್ಲಿಸಲೇ ಇಲ್ಲ.

ಚಂದ್ರಿಕೆಯ ತಂಗಿ

ನಾನು ಮೊದಲ ದೊಡ್ಡ ಸುರುಳಿ ಸುತ್ತಿ ನೆಲದ ಮೇಲೆ ಇಟ್ಟಾಗ ನಮ್ಮಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, ‘ಏನ್ ಕೂಸು, ಚಂದ್ರಿಕೆ ಸುತ್ತಾ ಕೂತಿದ್ದಯಲ್ಲ’ ಅಂದರು. ಕೊಳ್ಳೇಗಾಲದವರಿಗೆ ಇದಕ್ಕಿಂತ ಚೆನ್ನಾಗಿ ಕ್ವಿಲಿಂಗ್ ವಿವರಿಸಲು ಸಾಧ್ಯವಿಲ್ಲ.

ರೇಷ್ಮೆ ಸೀಮೆಯ ಹೊರಗಿನವರಿಗಾಗಿ ಹೇಳುತ್ತೇನೆ. ಹಿಪ್ಪುನೇರಳೆ ಸೊಪ್ಪು ತಿಂದು ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ಚಾಪೆಯ ಮೇಲೆ ಎರಡು ಬೆರಳಗಲದ ಬಿದಿರಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಕೂರಿಸಿರುತ್ತಾರೆ. ಆ ಸುತ್ತುಗಳ ಸಂದಿಯಲ್ಲಿ ಹುಳು ನೂರಾರು ಮೀಟರ್ ಎಳೆಯನ್ನು ತನ್ನ ಸುತ್ತಲೇ ಸುತ್ತಿಕೊಂಡು ಗೂಡಾಗುತ್ತದೆ. ಈಗ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಆದರೂ ಹಳೆಯ ಚಂದ್ರಿಕೆ ಗೋಡೆಗೆ ಒರಗಿಸಿಟ್ಟ ಮನೆಗಳು ನಮ್ಮ ಕಡೆ ಇನ್ನೂ ಇವೆ. ಮೇದರು ಬಿದಿರಿನಲ್ಲಿ ಮಾಡಿದ್ದನ್ನೇ ಕ್ವಿಲಿಂಗ್ ಮಾಡುವವರು ಕಾಗದದಲ್ಲಿ ಮಾಡುತ್ತಾರೆ. ಪಟ್ಟಿಯನ್ನು ಮಲಗಿಸುವುದಿಲ್ಲ, ನಿಲ್ಲಿಸುತ್ತಾರೆ. ಗುಟ್ಟೆಲ್ಲ ಅಲ್ಲೇ ಇದೆ. ಮಲಗಿದ ಕಾಗದ ಒಂದು ಊದಿಗೆ ಹಾರುತ್ತದೆ. ನಿಲ್ಲಿಸಿ ಸುತ್ತಿದ ಕಾಗದ ಭಾರ ಹೊರುತ್ತದೆ. ರಟ್ಟಿನ ಪೆಟ್ಟಿಗೆಯ ಒಳಗಿನ ಅಲೆಯಲೆ ಕಾಗದ, ಜೇನುಗೂಡು, ನಮ್ಮ ಸಿವಿಲ್ ಪಾಠದ ಐ-ಬೀಮಿನ ನಿಂತ ಭಾಗ ಎಲ್ಲವೂ ಇದೇ ಬುದ್ಧಿಯ ಮೇಲೆ ನಿಂತಿವೆ.

ಪಾಶ್ಚಾತ್ಯರಲ್ಲಿ ಇದರ ಕತೆ ಬೇರೆ. ‘ಕ್ವಿಲ್’ ಎಂದರೆ ಹಕ್ಕಿಯ ಗರಿಯ ಕಾಂಡ. ಮೊದಲು ಅದರ ಮೇಲೇ ಕಾಗದ ಸುತ್ತುತ್ತಿದ್ದರಂತೆ, ಹಾಗಾಗಿ ಆ ಹೆಸರು. ಯುರೋಪಿನ ಕ್ರೈಸ್ತ ಮಠಗಳಲ್ಲಿ ಚಿನ್ನ, ಬೆಳ್ಳಿಯ ತಂತಿ ಕುಸುರಿಗೆ ಬದಲಾಗಿ ಪುಸ್ತಕದ ಹಾಳೆಯ ಹೊಳೆಯುವ ಅಂಚನ್ನು ಕತ್ತರಿಸಿ, ಸುತ್ತಿ ಅಲಂಕಾರ ಮಾಡುತ್ತಿದ್ದರು ಎನ್ನುತ್ತಾರೆ. ಮುಂದೆ ಇಂಗ್ಲೆಂಡಿನ ಅನುಕೂಲಸ್ಥ ಮನೆಗಳ ಹೆಣ್ಣುಮಕ್ಕಳಿಗೆ ಇದು ಹವ್ಯಾಸವಾಯಿತು. ಜೇನ್ ಆಸ್ಟಿನ್ 1811ರಲ್ಲಿ ಪ್ರಕಟಿಸಿದ ‘ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ’ ಕಾದಂಬರಿಯಲ್ಲಿ ಒಂದು ಮಗುವಿಗೆ ಬುಟ್ಟಿ ಮಾಡಲು ಹೀಗೆ ಕಾಗದ ಸುತ್ತುವ ಪ್ರಸಂಗವೇ ಇದೆ. ಬಂಗಾರ ಕೊಳ್ಳಲಾಗದವರ ಬಂಗಾರದ ಕೆಲಸ ಇದು. ಜೇಬು ಖಾಲಿ ಇರುವ ನಮ್ಮಂಥ ವಿದ್ಯಾರ್ಥಿಗಳಿಗೆ ಇದು ಒಗ್ಗದೇ ಇರುತ್ತದೆಯೇ?

ಸಾಮಾನು ಮನೆಯಲ್ಲೇ ಇದೆ

ಆನ್‌ಲೈನಿನಲ್ಲಿ ಕ್ವಿಲಿಂಗ್ ಕಿಟ್ ಸಿಗುತ್ತದೆ. ಬಣ್ಣಬಣ್ಣದ ಪಟ್ಟಿ, ಸೀಳು ಇರುವ ಸೂಜಿ, ಬಾಚಣಿಗೆ, ಅಳತೆಯ ಬೋರ್ಡು. ಕೊಳ್ಳಬೇಡಿ ಎಂದು ಹೇಳುವುದಿಲ್ಲ. ಆದರೆ ಮೊದಲ ತಿಂಗಳು ಕೊಳ್ಳಬೇಕಿಲ್ಲ.

ಸುತ್ತುವ ಸೂಜಿಗೆ ಬದಲು ತೆಂಗಿನ ಗರಿಯ ಪೊರಕೆ ಕಡ್ಡಿ ಸಾಕು. ಗಟ್ಟಿ ಕಡ್ಡಿಯೊಂದನ್ನು ಬೆರಳುದ್ದ ಮುರಿದು, ತುದಿಯನ್ನು ಬ್ಲೇಡಿನಿಂದ ಅರ್ಧ ಇಂಚು ಸೀಳಿ. ಆ ಸೀಳಿಗೆ ಪಟ್ಟಿಯ ತುದಿ ಸಿಕ್ಕಿಸಿ ತಿರುಗಿಸಿದರೆ ಸುರುಳಿ ತಾನೇ ಸುತ್ತಿಕೊಳ್ಳುತ್ತದೆ. ಅಳತೆಯ ಬೋರ್ಡಿಗೆ ಬದಲು ಬಳೆ, ಬಾಟಲಿ ಮುಚ್ಚಳ. ನಾಲ್ಕು ಸುರುಳಿ ಒಂದೇ ಅಳತೆಯಲ್ಲಿ ಬೇಕಾದರೆ ನಾಲ್ಕನ್ನೂ ಒಂದೇ ಮುಚ್ಚಳದೊಳಗೆ ಬಿಟ್ಟು ಬಿಚ್ಚಿಕೊಳ್ಳಲು ಬಿಡಿ. ಬಾಚಣಿಗೆಗೆ ತಲೆ ಬಾಚುವ ಬಾಚಣಿಗೆಯೇ ಆಯಿತು, ಹೊಸದಾಗಿದ್ದರೆ ಒಳ್ಳೆಯದು. ಅಂಟಿಗೆ ಫೆವಿಕಾಲ್. ಅದನ್ನು ಪಟ್ಟಿಗೆ ನೇರ ಸುರಿಯಬೇಡಿ. ಮುಚ್ಚಳದಲ್ಲಿ ಎರಡು ಹನಿ ಹಾಕಿಕೊಂಡು ಊದುಬತ್ತಿ ಕಡ್ಡಿಯ ತುದಿಯಲ್ಲಿ ಮುಟ್ಟಿಸಿ. ಅಂಟು ಹೆಚ್ಚಾದರೆ ಕಾಗದ ನೆನೆದು ಸುರುಳಿ ಸೊಟ್ಟಗಾಗುತ್ತದೆ. ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ಮೈದಾ ಅಂಟು ಅಗ್ಗ ನಿಜ, ಆದರೆ ಪುಸ್ತಕದೊಳಗೆ ಹುಳು ಬರುತ್ತದೆ.

ಕಾಗದದ ಆಯ್ಕೆಯೂ ಒಂದು ವಿದ್ಯೆ. ಪ್ರಿಂಟ್ ಆದ ಎ4 ಹಾಳೆ ಸುತ್ತಿದಾಗ ಅಕ್ಷರಗಳೆಲ್ಲ ಸೇರಿ ತೆಳು ಬೂದು ಬಣ್ಣ ಬರುತ್ತದೆ. ಆನೆಗೆ ಹೇಳಿ ಮಾಡಿಸಿದ ಹಾಗೆ! ಲಗ್ನಪತ್ರಿಕೆಯ ರಟ್ಟು ದಪ್ಪ, ಸುತ್ತಿದರೆ ಬಿರಿಯುತ್ತದೆ. ಆದರೆ ಅದರ ಕವರು ಇದೆಯಲ್ಲ, ಅರಿಸಿನ, ಕೇಸರಿ, ಕುಂಕುಮದ ಬಣ್ಣದ್ದು, ಅದು ಚೆನ್ನಾಗಿ ಸುತ್ತಿಕೊಳ್ಳುತ್ತದೆ. ನಮ್ಮ ಮನೆಯ ಹುಲಿಗಳೆಲ್ಲ ಬೇರೆಯವರ ಮದುವೆಯಿಂದ ಬಂದವು. ಕ್ಯಾಲೆಂಡರಿನ ನುಣುಪು ಹಾಳೆ ಜಾರುತ್ತದೆ, ಬೇಡ. ನ್ಯೂಸ್‌ಪೇಪರ್ ತೀರಾ ತೆಳು, ಎರಡು ಪದರ ಅಂಟಿಸಿಕೊಂಡರೆ ಕೋತಿ, ಮೊಲಕ್ಕೆ ಆದೀತು.

ಆರು ಆಕಾರ, ಒಂದು ಸೂತ್ರ

ಕ್ವಿಲಿಂಗ್‌ನಲ್ಲಿ ಅಕ್ಷರಮಾಲೆ ಚಿಕ್ಕದು. ಬಿಗಿ ಸುರುಳಿ, ಸಡಿಲ ಸುರುಳಿ, ಸಡಿಲ ಸುರುಳಿಯ ಒಂದು ತುದಿ ಚಿವುಟಿದರೆ ಹನಿ, ಎರಡೂ ತುದಿ ಚಿವುಟಿದರೆ ಕಣ್ಣು, ಕಣ್ಣನ್ನು ಬಾಗಿಸಿದರೆ ಅರ್ಧಚಂದ್ರ, ಬಿಗಿ ಸುರುಳಿಯ ನಡುವನ್ನು ಬೆರಳಿಂದ ಮೇಲಕ್ಕೆ ಒತ್ತಿದರೆ ಗುಮ್ಮಟ. ಈ ಆರು ಬಂದರೆ ಇರುವೆಯಿಂದ ಆನೆಯವರೆಗೆ ಎಲ್ಲ ಬರುತ್ತದೆ.

ಸುರುಳಿ ಎಷ್ಟು ದೊಡ್ಡದಾಗುತ್ತದೆ ಎಂದು ಮೊದಲೇ ತಿಳಿಯಬಹುದೇ? ತಿಳಿಯಬಹುದು. ಪಟ್ಟಿಯನ್ನು ಅಂಚಿನ ಕಡೆಯಿಂದ ನೋಡಿದರೆ ಅದರ ವಿಸ್ತೀರ್ಣ ಎಂದರೆ ಉದ್ದ ಗುಣಿಸು ದಪ್ಪ. ಸುತ್ತಿದ ಮೇಲೆ ಅದೇ ವಿಸ್ತೀರ್ಣ ವೃತ್ತವಾಗುತ್ತದೆ, ಅಷ್ಟೇ. ನಮ್ಮ ಎ4 ಹಾಳೆಯ ದಪ್ಪ ಸುಮಾರು 0.1 ಮಿ.ಮೀ. 30 ಸೆಂ.ಮೀ. ಪಟ್ಟಿ ಎಂದರೆ 30 ಚದರ ಮಿ.ಮೀ. ಅದನ್ನು ವೃತ್ತ ಮಾಡಿದರೆ ವ್ಯಾಸ 6 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. 12 ಮಿ.ಮೀ. ಬೇಕೆಂದರೆ? ಎರಡು ಪಟ್ಟಿ ಸಾಲದು, ನಾಲ್ಕು ಬೇಕು. ವ್ಯಾಸ ಎರಡರಷ್ಟಾದರೆ ಉದ್ದ ನಾಲ್ಕರಷ್ಟು. ಹೈಸ್ಕೂಲಿನಲ್ಲಿ ಪೈ ಆರ್ ಸ್ಕ್ವೇರ್ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳಿಗೆ ಅದು ಏಕೆ ಸ್ಕ್ವೇರ್ ಎಂಬುದು ಕೈಗೆ ತಿಳಿಯುವುದು ಇಲ್ಲಿ.

ನೋಡಿದರೆ ಮಾತ್ರ ಬರುವ ಪ್ರಾಣಿ

ಆನೆಯಿಂದ ಶುರು ಮಾಡಿ. ಮೈಗೆ ಆರು ಪಟ್ಟಿ ಒಂದಕ್ಕೊಂದು ಅಂಟಿಸಿ ಸುತ್ತಿ, ಚಿಕ್ಕ ಮಕ್ಕಳ ಬಳೆಯೊಳಗೆ ಸಡಿಲ ಬಿಟ್ಟು, ತುದಿ ಅಂಟಿಸಿ, ಮೊಟ್ಟೆಯಾಕಾರಕ್ಕೆ ಒತ್ತಿ. ತಲೆಗೆ ಮೂರು ಪಟ್ಟಿ. ಸೊಂಡಿಲಿಗೆ ಎರಡು ಪಟ್ಟಿಯ ಸುರುಳಿಯನ್ನು ಕಣ್ಣಿನಾಕಾರಕ್ಕೆ ಉದ್ದ ಒತ್ತಿ ತುದಿ ಬಾಗಿಸಿ. ಕಿವಿಗೆ ಎರಡು ಪಟ್ಟಿಯ ಹನಿ. ನಾಲ್ಕು ಕಾಲಿಗೆ ಎರಡೆರಡು ಪಟ್ಟಿ, ಚಚ್ಚೌಕಕ್ಕೆ ಒತ್ತಿದ್ದು. ಬಾಲಕ್ಕೆ ಒಂದು ಪಟ್ಟಿ, ತುದಿಯನ್ನು ಕತ್ತರಿಯಿಂದ ಸಣ್ಣಗೆ ಸೀಳಿ ಕೂದಲು ಮಾಡಿ. ಒಟ್ಟು 22.

ಇಲ್ಲೊಂದು ಪ್ರಶ್ನೆ ಬರುತ್ತದೆ, ಕಿವಿ ಎಷ್ಟು ದೊಡ್ಡದಿರಬೇಕು? ಇಂಟರ್‌ನೆಟ್ಟಿನ ಮಾದರಿಗಳಲ್ಲಿ ಕಿವಿ ಮೊರದಷ್ಟು ಅಗಲ, ಹೆಗಲು ಮುಚ್ಚುವ ಹಾಗೆ. ಅದು ಆಫ್ರಿಕಾದ ಆನೆ. ನಮ್ಮ ಆನೆಯ ಕಿವಿ ಚಿಕ್ಕದು. ದಂತ ಇಡುತ್ತೀರಾ? ನಮ್ಮಲ್ಲಿ ಹೊರಗೆ ಕಾಣುವ ಉದ್ದ ದಂತ ಗಂಡಾನೆಗೆ ಮಾತ್ರ. ಪಕ್ಕದಲ್ಲಿ ಮರಿ ನಿಲ್ಲಿಸಿ ‘ತಾಯಿ ಮಗು’ ಎಂದು ಬರೆದು ತಾಯಿಗೆ ಉದ್ದ ದಂತ ಅಂಟಿಸಿದರೆ ಸೋಲಿಗರ ಪೋಡಿನ ಮಗು ನಿಮ್ಮನ್ನು ನೋಡಿ ನಗುತ್ತದೆ.

ಕಾಟಿಗೆ ಕಪ್ಪು ಕಂದು ಮೈ, ಬೆನ್ನಿನ ಮೇಲೆ ದಿಣ್ಣೆ, ಒಳಕ್ಕೆ ಬಾಗಿದ ಕೊಂಬು. ಆದರೆ ಅದನ್ನು ಕಾಟಿ ಮಾಡುವುದು ಮೊಣಕಾಲಿನಿಂದ ಕೆಳಗಿನ ಬಿಳಿ. ಬಿಳಿ ಸಾಕ್ಸ್ ಹಾಕದಿದ್ದರೆ ಅದು ಮನೆಯ ಎಮ್ಮೆ. ಜಿಂಕೆಯ ಚುಕ್ಕಿ ಬಿಳಿ, ಹೆಚ್ಚುಕಡಿಮೆ ಸಾಲುಸಾಲಾಗಿ. ಚಿರತೆಯದು ಬರಿ ಚುಕ್ಕಿಯಲ್ಲ, ಹೂವಿನಂತೆ ಒಡೆದ ಉಂಗುರ, ಹಾಗಾಗಿ ಅದಕ್ಕೆ ಸಡಿಲ ಸುರುಳಿಯೇ ಸರಿ. ಬಿಳಿಗಿರಿಯ ಮರಗಳ ಮೇಲಿನ ಕೆಂದಳಿಲಿಗೆ ಮೈಗಿಂತ ಬಾಲ ಉದ್ದ. ಅಗಲ ಪಟ್ಟಿಯನ್ನು ಸಣ್ಣಗೆ ಸೀಳಿ ಸುತ್ತಿ ಬಿಡಿಸಿದರೆ ಬಾಲ ನಯವಾಗಿ ನಿಲ್ಲುತ್ತದೆ. ಹುಲಿಗೆ ಕೇಸರಿ ಮೈ, ಬಿಳಿ ಕೆನ್ನೆ, ಬಿಳಿ ಹೊಟ್ಟೆ, ಕಪ್ಪು ಪಟ್ಟೆ. ಕಿವಿಯ ಹಿಂದೆ ಒಂದೊಂದು ಬಿಳಿ ಮಚ್ಚೆ. ಪಟ್ಟೆಗಳನ್ನು ಎರಡೂ ಕಡೆ ಒಂದೇ ಥರ ಅಂಟಿಸಬೇಡಿ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅರಣ್ಯ ಇಲಾಖೆ ಕ್ಯಾಮೆರಾ ಟ್ರ್ಯಾಪ್ ಚಿತ್ರದಲ್ಲಿ ಹುಲಿಗಳನ್ನು ಗುರುತು ಹಿಡಿಯುವುದು ಈ ಪಟ್ಟೆಗಳಿಂದಲೇ.

ಫೋಟೊ ಅಂಟಿಸುವವರಿಗೆ ಇದಾವುದೂ ಬೇಕಿಲ್ಲ. ಕೈಯಲ್ಲಿ ಮಾಡುವವರು ಮಾತ್ರ ಪ್ರತಿ ಮೂರು ನಿಮಿಷಕ್ಕೊಮ್ಮೆ ‘ನಿಜವಾಗಿ ಅದು ಹೇಗಿರುತ್ತದೆ?’ ಎಂದು ಕೇಳಿಕೊಳ್ಳಲೇಬೇಕು.

ಪುಟ ಮುಚ್ಚಬೇಕಲ್ಲ!

ಸ್ಕ್ರ್ಯಾಪ್‌ಬುಕ್ ಮಾಡುವವರು ಗಮನಿಸಬೇಕಾದ ಮುಖ್ಯ ಸಂಗತಿ ಇದು. ಗೋಡೆಗೆ ಹಾಕುವ ಚಿತ್ರಕ್ಕೆ 5 ಮಿ.ಮೀ. ಪಟ್ಟಿ ಚೆನ್ನ. ಪುಸ್ತಕದೊಳಗೆ ಅದು ಉಬ್ಬಿ, ಪುಟ ಮುಚ್ಚಿದಾಗ ಪ್ರಾಣಿ ಅಪ್ಪಚ್ಚಿಯಾಗುತ್ತದೆ. ಅದಕ್ಕೇ 3 ಮಿ.ಮೀ. ಪಟ್ಟಿ ಬಳಸಿ. ಪುಟದ ನಾಲ್ಕು ಅಂಚಿಗೂ ರಟ್ಟಿನ ಪಟ್ಟಿಯನ್ನು ಅಷ್ಟೇ ಎತ್ತರಕ್ಕೆ ಪದರ ಪದರವಾಗಿ ಅಂಟಿಸಿ ಚೌಕಟ್ಟು ಮಾಡಿ. ಮುಚ್ಚಿದಾಗ ಭಾರ ಚೌಕಟ್ಟಿನ ಮೇಲೆ ಬೀಳುತ್ತದೆ, ಆನೆಯ ಬೆನ್ನಿನ ಮೇಲಲ್ಲ. ಬೈಂಡಿಂಗ್ ಪುಸ್ತಕಕ್ಕಿಂತ ಸ್ಪೈರಲ್ ಪುಸ್ತಕ ಉತ್ತಮ. ತೆಳು ಹಾಳೆಯಾದರೆ ಹಿಂದಕ್ಕೊಂದು ಲಗ್ನಪತ್ರಿಕೆಯ ರಟ್ಟು ಅಂಟಿಸಿ. ಹಿನ್ನೆಲೆಯ ಬೆಟ್ಟ, ಮರ, ಹೊಳೆಯನ್ನು ಮೊದಲು ಬಣ್ಣದಲ್ಲಿ ಬರೆದುಕೊಂಡು, ಪ್ರಾಣಿಗಳನ್ನು ಅಂಟಿಲ್ಲದೆ ಇಟ್ಟು ನೋಡಿ, ಒಂದು ರಾತ್ರಿ ಬಿಟ್ಟು ಮರುದಿನ ಅಂಟಿಸಿ.

‘ಅಕ್ಕ, ನಾನು ಹುಲಿ ಮಾಡಲ್ಲ’

ಪರಿಚಯದ ಶಿಕ್ಷಕಿಯೊಬ್ಬರು ಹನೂರು ಕಡೆಯ ಸರ್ಕಾರಿ ಶಾಲೆಯಲ್ಲಿದ್ದಾರೆ. ‘ಶನಿವಾರ ಬಂದು ನಮ್ಮ ಮಕ್ಕಳಿಗೂ ಕಲಿಸವ್ವ’ ಅಂದರು. ಒಂದು ಚೀಲ ಹಳೇ ರೆಕಾರ್ಡು, ಒಂದು ಕಟ್ಟು ಪೊರಕೆ ಕಡ್ಡಿ ಹಿಡಿದುಕೊಂಡು ಬಸ್ಸು ಹತ್ತಿದೆ. ಆರನೇ ಕ್ಲಾಸು, ಹತ್ತೊಂಬತ್ತು ಮಕ್ಕಳು. ಕಾಡಂಚಿನ ಊರು. ಅರ್ಧ ಗಂಟೆಯಲ್ಲಿ ಎಲ್ಲರ ಕೈಯಲ್ಲೂ ಸುರುಳಿ. ರೇಷ್ಮೆ ಮನೆಯ ಮಕ್ಕಳಿಗಂತೂ ನಾನು ಹೇಳಿಕೊಡುವುದೇ ಬೇಕಾಗಲಿಲ್ಲ.

ಪ್ರಾಣಿಗಳನ್ನು ಹಂಚುವಾಗ ಒಬ್ಬ ಹುಡುಗನಿಗೆ ಕೇಸರಿ ಪಟ್ಟಿ ಕೊಟ್ಟೆ. ಅವನು ಅದನ್ನು ಮೆಲ್ಲಗೆ ಬೆಂಚಿನ ಆ ಕಡೆಗೆ ತಳ್ಳಿ, ‘ಅಕ್ಕ, ನಾನು ಹುಲಿ ಮಾಡಲ್ಲ. ನಮ್ಮ ಹಸ ಹಿಡ್ಕೊಂಡು ಹೋಯ್ತು’ ಅಂದ. ಕ್ಲಾಸು ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ನಾನು ಐದು ಹುಲಿ ಮಾಡ್ತೀನಿ, ತಾಯಿ ಒಂದು, ಮರಿ ನಾಲ್ಕು’ ಅಂದಳು.

ಐದು ಯಾವುದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದು ತನಿಖೆಯಲ್ಲಿ ಹೊರಬಂತು, ಬಂಧನಗಳೂ ಆದವು. ಹುಲಿಯ ಮೇಲೆ ಕುಳಿತ ಮಾದಪ್ಪನ ಪಟ ಇಲ್ಲದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಆ ಸೀಮೆಯಲ್ಲೇ ಹೀಗಾಯಿತು. ದೇಶದ ಪತ್ರಿಕೆಗಳೆಲ್ಲ ಬರೆದವು. ಆದರೆ ಹಸು ಕಳೆದುಕೊಂಡ ಮನೆಯ ಮಗು ಮತ್ತು ಹುಲಿಗಾಗಿ ಮರುಗುವ ಮಗು ಒಂದೇ ಕ್ಲಾಸಿನಲ್ಲಿ, ಮೂರು ಬೆಂಚಿನ ಅಂತರದಲ್ಲಿ ಕೂತಿರುತ್ತಾರೆ ಎಂಬುದು ನನಗೆ ಕಂಡದ್ದು ಅವತ್ತೇ.

ಬುದ್ಧಿ ಹೇಳಲು ನನಗೆ ಬರಲಿಲ್ಲ, ಹೇಳುವ ಹಕ್ಕೂ ಇರಲಿಲ್ಲ. ಕೊಳ್ಳೇಗಾಲದ ಪೇಟೆ ಮನೆಯಲ್ಲಿ ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅವರ ಮನೆಯಲ್ಲಿ ಆ ಹಸುವೇ ಸಂತೆ ಖರ್ಚು, ಅದೇ ಫೀಸು. ‘ಹಾಗಾದರೆ ನೀನು ಏನು ಮಾಡುತ್ತೀ?’ ಎಂದು ಮಾತ್ರ ಕೇಳಿದೆ. ‘ಹಸ’ ಅಂದ. ಬಿಳಿ ಪಟ್ಟಿ ಕೊಟ್ಟೆ. ಹಣೆಯ ಮೇಲೆ ಕಂದು ಮಚ್ಚೆ ಬೇಕು ಎಂದು ಚಹಾ ಪುಡಿಯ ಪ್ಯಾಕೆಟ್ಟಿನ ಕಾಗದ ಹುಡುಕಿ ತಂದ. ಕೊರಳಿಗೆ ಗಂಟೆ ಬೇಕೆಂದ. ಬಿಗಿ ಸುರುಳಿಯನ್ನು ಒತ್ತಿ ಗುಮ್ಮಟ ಮಾಡುವುದನ್ನು ತೋರಿಸಿದೆ.

ಪುಟ ಜೋಡಿಸುವಾಗ ಜಗಳ ಶುರುವಾಯಿತು. ಹುಲಿಗಳ ಮುಖ ಯಾವ ಕಡೆಗೆ? ಹಸುವಿನ ಕಡೆಗೆ ತಿರುಗಿಸಿದರೆ ತಿನ್ನಲು ಬಂದ ಹಾಗೆ ಕಾಣುತ್ತದೆ ಎಂದು ಕೆಲವರು. ಕಾಡಿನ ಕಡೆ ತಿರುಗಿಸಿದರೆ ಮುಖವೇ ಕಾಣುವುದಿಲ್ಲ, ಅಷ್ಟು ಕಷ್ಟಪಟ್ಟು ಮಾಡಿದ್ದು ದಂಡ ಎಂದು ಕೆಲವರು. ಕೊನೆಗೆ ಅವರೇ ದಾರಿ ಹುಡುಕಿದರು. ಪುಟದ ನಡುವೆ ಕಂದು ಕಾಗದದಲ್ಲಿ ಆನೆ ಕಂದಕ, ಅದರ ಪಕ್ಕ ಬೆಳ್ಳಿ ಕಾಗದದ ಸೋಲಾರ್ ಬೇಲಿ. ಎಡಕ್ಕೆ ಕಾಡು, ಅಲ್ಲಿ ಐದು ಹುಲಿ ನೀರು ಕುಡಿಯುತ್ತಿವೆ. ಬಲಕ್ಕೆ ಊರು, ಕೊಟ್ಟಿಗೆ, ಹಸು. ಕೊಟ್ಟಿಗೆಗೆ ಬಾಗಿಲು ಬೇಕೇ ಬೇಕು ಎಂದು ಆ ಹುಡುಗ ಹಟ ಹಿಡಿದು, ತೆಗೆದು ಮುಚ್ಚುವ ಹಾಗೆ ಒಂದು ರಟ್ಟು ಮಡಿಸಿ ಅಂಟಿಸಿದ. ರಾತ್ರಿ ಮುಚ್ಚಬೇಕಂತೆ. ಗೋಷ್ಠಿಗಳಲ್ಲಿ ಮಾನವ–ವನ್ಯಜೀವಿ ಸಂಘರ್ಷದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಭದ್ರವಾದ ಕೊಟ್ಟಿಗೆ ಅದರ ಮೊದಲ ಪಾಠ. ಅವನು ಅದನ್ನು ಯಾವ ಗೋಷ್ಠಿಗೂ ಹೋಗದೆ ಮಾಡಿಟ್ಟ.

ಕಾಸಿನ ಲೆಕ್ಕ

ಈ ಪುಟ ಓದುವವರಲ್ಲಿ ಕೆಲಸ ಹುಡುಕುತ್ತಿರುವವರು ಹೆಚ್ಚು. ಹಾಗಾಗಿ ‘ಇದರಲ್ಲಿ ದುಡ್ಡು ಇದೆಯಾ?’ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಹಾಸ್ಟೆಲ್ ಗೆಳತಿಯ ಅಣ್ಣನ ಹುಟ್ಟುಹಬ್ಬಕ್ಕೆ ಸ್ಕ್ರ್ಯಾಪ್‌ಬುಕ್ಕಿನ ಒಂದು ಪುಟ ಮಾಡಿಕೊಟ್ಟೆ, 150 ರೂಪಾಯಿ ಬಂತು. ರಟ್ಟು, ಬಣ್ಣದ ಕಾಗದ, ಅಂಟು ಸೇರಿ ಖರ್ಚು 25. ಹಿಡಿದ ಹೊತ್ತು ಐದು ಗಂಟೆ. ಗಂಟೆಗೆ 25 ರೂಪಾಯಿ ಬಿತ್ತು. ಗಾರೆ ಕೆಲಸದ ಕೂಲಿ ಇದಕ್ಕಿಂತ ಎಷ್ಟೋ ಹೆಚ್ಚು. ಗುಮ್ಮಟದ ಸುರುಳಿಯಲ್ಲಿ ಮಾಡಿದ ಜುಮುಕಿ ಅರ್ಧ ಗಂಟೆಗೆ ಒಂದು ಜೊತೆ, 60 ರೂಪಾಯಿಗೆ ಹೋಗುತ್ತದೆ, ಅದು ಪರವಾಗಿಲ್ಲ. ಆದರೆ ತಿಂಗಳಿಗೆ ಎಷ್ಟು ಜೊತೆ ಮಾರಬಲ್ಲಿರಿ? ಆದ್ದರಿಂದ ‘ಮನೆಯಲ್ಲೇ ಕೂತು ಸಾವಿರಾರು ಗಳಿಸಿ’ ಎನ್ನುವ ವಿಡಿಯೊ ನೋಡಿ ಕಿಟ್ ಕೊಳ್ಳುವ ಮೊದಲು ಕಾಗದದ ಮೇಲೆ ಈ ಭಾಗಾಕಾರ ಮಾಡಿ. ಕೊಟ್ಟ ಬೆಲೆಯಲ್ಲಿ ಖರ್ಚು ಕಳೆದು, ಉಳಿದದ್ದನ್ನು ಗಂಟೆಯಿಂದ ಭಾಗಿಸಿ. ಯಾವ ಸ್ಟಾರ್ಟಪ್ ಕನಸಿಗೂ ಇದು ಮೊದಲ ಪರೀಕ್ಷೆ.

ಕರಕುಶಲ ಹೊಟ್ಟೆ ತುಂಬಿಸಬೇಕಾದರೆ ಹಿಂದೆ ಒಂದು ವ್ಯವಸ್ಥೆ ಬೇಕು. ಉದಾಹರಣೆ ನಮ್ಮಲ್ಲೇ ಇದೆ. ಕಾಡನ್ನು ನುಂಗುತ್ತಿರುವ ಲಂಟಾನ ಎಂಬ ಕಳೆಗಿಡದ ಕಡ್ಡಿಯಿಂದ ಕುರ್ಚಿ, ಬುಟ್ಟಿ, ಆನೆಯ ಗೊಂಬೆ ಮಾಡುವುದನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತಿದ್ದಾರೆ. ಏಟ್ರೀ ಸಂಸ್ಥೆ ತರಬೇತಿ ಕೊಟ್ಟು, ಮಾರುಕಟ್ಟೆ ಹುಡುಕಿತು. ನೀಲಗಿರಿ ಭಾಗದ ಆದಿವಾಸಿ ಕಲಾವಿದರು ಇದೇ ಲಂಟಾನದಲ್ಲಿ ನಿಜ ಗಾತ್ರದ ಆನೆಗಳನ್ನು ಮಾಡಿದರು. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಆ ಹಿಂಡು ನಿಂತಾಗ ಜನ ಮುಗಿಬಿದ್ದು ನೋಡಿದರು. ಇಲ್ಲಿ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಕಾಡಿನ ಕಳೆ ಕಡಿಮೆಯಾಗುತ್ತದೆ, ಕೈಗೆ ಕೂಲಿ ಬರುತ್ತದೆ, ಪೇಟೆಯವರಿಗೆ ಆನೆಯ ಸುದ್ದಿ ತಲುಪುತ್ತದೆ. ಸಣ್ಣ ಪ್ರಮಾಣದಲ್ಲಿ ನಾವೂ ಇಂಥದ್ದನ್ನು ಯೋಚಿಸಬಹುದು. ಶಾಲೆಗಳಿಗೆ ‘ನಮ್ಮ ಕಾಡಿನ ಪ್ರಾಣಿಗಳು’ ಎಂಬ ಕಿಟ್ ಮಾಡಿ, ಕತ್ತರಿಸಿದ ಪಟ್ಟಿ, ಕಡ್ಡಿ, ಪ್ರತಿ ಪ್ರಾಣಿಗೆ ಕನ್ನಡದಲ್ಲಿ ಒಂದು ಚೀಟಿ ಇಟ್ಟು ಕೊಟ್ಟರೆ ಹೇಗೆ? ಪ್ರಾಣಿ ಮಾಡಿ ಮಾರುವುದಕ್ಕಿಂತ ಮಾಡಲು ಕಲಿಸುವುದರಲ್ಲಿ ಲೆಕ್ಕ ಕೂಡುತ್ತದೆ. ಈ ರಜೆಯಲ್ಲಿ ನಾವು ನಾಲ್ವರು ಗೆಳತಿಯರು ಅದರ ಖರ್ಚಿನ ಪಟ್ಟಿ ಹಾಕುತ್ತಿದ್ದೇವೆ. ಸದ್ಯಕ್ಕೆ ಕಿಟ್ಟಿನ ಹೆಸರಿನ ಬಗ್ಗೆ ಜಗಳ, ಮಿಕ್ಕಿದ್ದೆಲ್ಲ ಸರಿಯಾಗಿದೆ.

ದುಡ್ಡಿನ ಆಚೆಗೂ ಸಿಗುವುದಿದೆ. ನಮ್ಮ ತಲೆಮಾರಿಗೆ ಒಂದೇ ಕಡೆ ಇಪ್ಪತ್ತು ನಿಮಿಷ ಗಮನ ನಿಲ್ಲುವುದೇ ದೊಡ್ಡ ಸಾಧನೆ. ಸುರುಳಿ ಸುತ್ತುವಾಗ ಎರಡೂ ಕೈಗೆ ಕೆಲಸ ಇರುತ್ತದೆ, ಫೋನ್ ಹಿಡಿಯಲು ಮೂರನೇ ಕೈ ಇಲ್ಲ. ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ‘ನಿಮ್ಮ ಹವ್ಯಾಸ ಏನು?’ ಎಂದು ಕೇಳಿದರೆ ಎಲ್ಲರೂ ಹೇಳುವ ‘ಮ್ಯೂಸಿಕ್ ಕೇಳುವುದು’ ಬದಲು ಚೀಲದಿಂದ ಎರಡು ಗ್ರಾಂನ ಆನೆ ತೆಗೆದು ಮೇಜಿನ ಮೇಲಿಟ್ಟು, ಅದು ಹೇಗೆ ಭಾರ ಹೊರುತ್ತದೆ ಎಂದು ವಿವರಿಸಿ ನೋಡಿ. ಸೀನಿಯರ್ ಒಬ್ಬರು ಹೀಗೇ ಮಾಡಿದ್ದರು. ಕೆಲಸ ಸಿಕ್ಕಿತೋ ಇಲ್ಲವೋ ಎಂದು ಕೇಳಬೇಡಿ, ಸಂದರ್ಶನ ಮಾಡಿದವರು ಆನೆಯನ್ನು ಮಾತ್ರ ಇಟ್ಟುಕೊಂಡರಂತೆ!

ಯಳಂದೂರಿಗೆ ಹೋದರೆ ಗೌರೇಶ್ವರ ದೇವಸ್ಥಾನದ ಬಳೆಮಂಟಪ ನೋಡಿ. ಒಂದೇ ಕಲ್ಲಿನಲ್ಲಿ ಕೊರೆದು ನೇತುಬಿಟ್ಟ ಕಲ್ಲಿನ ಬಳೆಗಳಿವೆ. ಕಲ್ಲನ್ನು ಬಳೆ ಮಾಡಿದ ಊರಿನವರಿಗೆ ಕಾಗದವನ್ನು ಆನೆ ಮಾಡುವುದು ಯಾವ ಲೆಕ್ಕ? ಅಲ್ಲಿಂದ ಬಿಳಿಗಿರಿರಂಗನ ಬೆಟ್ಟಕ್ಕೋ, ಹನೂರಿನಿಂದ ಮಾದಪ್ಪನ ಬೆಟ್ಟಕ್ಕೋ ಬಸ್ಸಿನಲ್ಲಿ ಹೋಗುವಾಗ ರಸ್ತೆ ಪಕ್ಕ ಆನೆ ಕಂಡರೆ, ಮೊಬೈಲ್ ತೆಗೆಯುವ ಮೊದಲು ಒಂದು ಕ್ಷಣ ಅದರ ಕಿವಿಯ ಅಳತೆ ನೋಡಿಕೊಳ್ಳಿ. ಭಾನುವಾರ ಬೇಕಾಗುತ್ತದೆ.